ಹೊಸ ಕಾರು ಬರುವವರೆಗೆ ಡೀಲರ್ ಏನು ಮಾರಬೇಕು?

ಕಾರು ಕಂಪನಿಗಳು ಆಗಾಗ ತಮ್ಮ ಡೀಲರ್‌ಗಳನ್ನು ಒಂದು ಕಡೆ ಸೇರಿಸಿ ಮುಂದೆ ಬರಲಿರುವ ಮಾಡೆಲ್‌ಗಳನ್ನು ತೋರಿಸುತ್ತವೆ. ಪರದೆ ಮೇಲೆ ನಾಲ್ಕೈದು ವರ್ಷದ ಪಟ್ಟಿ ಬರುತ್ತದೆ. ಯಾವುದು ಹೈಬ್ರಿಡ್, ಯಾವುದು ಎಲೆಕ್ಟ್ರಿಕ್, ಯಾವುದಕ್ಕೆ ಫೇಸ್‌ಲಿಫ್ಟ್, ಎಲ್ಲ ಅದರಲ್ಲಿ ಇರುತ್ತದೆ. ಚಪ್ಪಾಳೆಯೂ ಬೀಳುತ್ತದೆ. ಆಮೇಲೆ ಊಟಕ್ಕೆ ಕೂತಾಗ ಡೀಲರ್‌ಗಳು ಒಬ್ಬರನ್ನೊಬ್ಬರು ಕೇಳುವ ಮಾತು ಬೇರೆ: "ಅದೆಲ್ಲ ಸರಿ, ಅಲ್ಲಿವರೆಗೆ ಏನು ಮಾರೋದು?"

ಡೀಲರ್‌ಶಿಪ್‌ಗಳ ಸ್ಟಾಕ್ ಮತ್ತು ಸಾಲದ ಲೆಕ್ಕ ನೋಡುವುದು ನನ್ನ ಕೆಲಸ. ಈ ಪ್ರಶ್ನೆಯನ್ನು ಹೊರಗಿನವರು ಸುಮ್ನೆ ಗೊಣಗಾಟ ಅಂದುಕೊಳ್ಳುತ್ತಾರೆ. ಲೆಕ್ಕದ ಪುಸ್ತಕ ತೆರೆದರೆ ಅದು ಎಷ್ಟು ನಿಜವಾದ ಚಿಂತೆ ಅನ್ನೋದು ಕಾಣುತ್ತದೆ.

ಮೊದಲು ಒಂದು ವಿಷಯ ಗೊತ್ತಿರಬೇಕು. ಕಂಪನಿಯ ಪಾಲಿಗೆ ಕಾರು ಮಾರಾಟವಾಗುವುದು ಅದು ಡೀಲರ್‌ಗೆ ಬಿಲ್ ಆದ ದಿನ. ಗಿರಾಕಿ ಇನ್ನೂ ಬಂದಿರುವುದೇ ಇಲ್ಲ. ಆ ಬಿಲ್ಲಿನ ಹಣವನ್ನು ಡೀಲರ್ ಬಹುಮಟ್ಟಿಗೆ ಸಾಲ ಮಾಡಿ ಕಟ್ಟುತ್ತಾನೆ. ಕಾರು ಯಾರ್ಡ್‌ನಲ್ಲಿ ನಿಂತಷ್ಟು ದಿನವೂ ಬಡ್ಡಿ ಓಡುತ್ತಿರುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಬಡ್ಡಿ ವರ್ಷಕ್ಕೆ 10 ಶೇಕಡಾ, ಡೀಲರ್ ಲಾಭಾಂಶ 5 ಶೇಕಡಾ ಅಂತ ಇಟ್ಟುಕೊಳ್ಳೋಣ. ಕಾರು ಮೂರು ತಿಂಗಳು ನಿಂತರೆ ಬಡ್ಡಿಯೇ ಎರಡೂವರೆ ಶೇಕಡಾ. ಅಂದರೆ ಲಾಭಾಂಶದಲ್ಲಿ ಅರ್ಧ ಹೋಯಿತು. ಜಾಗದ ಬಾಡಿಗೆ, ವಿಮೆ, ಸೇಲ್ಸ್‌ನವರ ಸಂಬಳ, ಕೊನೆಗೆ ಗಿರಾಕಿಗೆ ಕೊಡುವ ಡಿಸ್ಕೌಂಟ್, ಇದ್ಯಾವುದನ್ನೂ ನಾವಿನ್ನೂ ಸೇರಿಸಿಲ್ಲ.

ಹಾಗಾಗಿ ನಾನು ಯಾವ ಡೀಲರ್ ಹತ್ತಿರ ಹೋದರೂ ಮೊದಲು ಕೇಳುವುದು ಸ್ಟಾಕ್‌ನ ವಯಸ್ಸಿನ ಪಟ್ಟಿಯನ್ನು. ಪ್ರತಿ ಕಾರಿನ ಚಾಸಿ ನಂಬರ್, ಬಣ್ಣ, ವೇರಿಯಂಟ್, ಬಿಲ್ ಆದ ದಿನ, ಇಲ್ಲಿಗೆ ಎಷ್ಟು ದಿನ ಆಯಿತು, ಎಲ್ಲ ಅದರಲ್ಲಿ ಇರುತ್ತದೆ. 30 ದಿನದೊಳಗಿನವು ಮೇಲೆ, 90 ದಾಟಿದವು ಕೆಳಗೆ. ಕೆಳಗಿನ ಸಾಲುಗಳನ್ನು ಓದಿದರೆ ಕಂಪನಿಯ ಸ್ಥಿತಿಯೇ ತಿಳಿಯುತ್ತದೆ. ಯಾರೂ ಕೇಳದ ಬಣ್ಣ, ಮಧ್ಯದ ವೇರಿಯಂಟ್, ತಿಂಗಳ ಕೊನೆಯ ದಿನ ಬಿಲ್ ಆದ ಗಾಡಿ. ಯಾರ್ಡ್‌ಗೆ ಹೋಗಿ ನೋಡಿದರೆ ಅದೇ ಗಾಡಿಗಳು ಹಿಂದಿನ ಸಾಲಿನಲ್ಲಿ ನಿಂತಿರುತ್ತವೆ. ಬ್ಯಾಟರಿ ಇಳಿದಿರುತ್ತದೆ. ಒಂದೇ ಕಡೆ ನಿಂತು ನಿಂತು ಟೈರ್ ತಳ ಚಪ್ಪಟೆಯಾಗಿರುತ್ತದೆ. ಬ್ರೇಕ್ ಡಿಸ್ಕ್ ಮೇಲೆ ತುಕ್ಕು ಹಿಡಿದಿರುತ್ತದೆ. ಡೆಲಿವರಿಗೆ ಮುಂಚೆ ಇದನ್ನೆಲ್ಲ ಸರಿಮಾಡುವ ಖರ್ಚೂ ಡೀಲರ್‌ದೇ.

ಮಾಡೆಲ್ ಹಳೆಯದಾಗಿದ್ದರೆ ಈ ಕೆಳಗಿನ ಸಾಲುಗಳು ಉದ್ದವಾಗುತ್ತವೆ ಅನ್ನೋದು ಸಾಮಾನ್ಯ ನಂಬಿಕೆ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ವಯಸ್ಸೊಂದೇ ಕಾರಣ ಆಗಿದ್ದರೆ ಟೊಯೋಟಾದ ಫೋರ್‌ರನ್ನರ್ ಎಂದೋ ನಿಂತುಹೋಗಬೇಕಿತ್ತು. ಅದರ ಐದನೇ ತಲೆಮಾರು 2009ರಲ್ಲಿ ಬಂತು, 2024ರವರೆಗೆ ನಡೆಯಿತು. ಕೊನೆಯವರೆಗೂ ಅದೇ 4 ಲೀಟರ್ ವಿ6 ಎಂಜಿನ್, ಅದೇ ಐದು ಗೇರಿನ ಆಟೊಮ್ಯಾಟಿಕ್. ಎದುರಾಳಿಗಳು ಎಂಟು, ಹತ್ತು ಗೇರಿಗೆ ಹೋಗಿದ್ದರು. ಆದರೂ ಹತ್ತು ವರ್ಷ ದಾಟಿದ ಮೇಲೂ ಅಮೆರಿಕದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಮಾರಾಟವಾಗುತ್ತಿತ್ತು. ಸೆಕೆಂಡ್‌ಹ್ಯಾಂಡ್ ಬೆಲೆಯೂ ಗಟ್ಟಿಯಾಗಿತ್ತು. ಡಾಡ್ಜ್ ಚಾಲೆಂಜರ್ ಕೂಡ 2008ರಿಂದ 2023ರವರೆಗೆ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ಓಡಿತು, ಕೊನೆ ವರ್ಷಗಳಲ್ಲೂ ಗಿರಾಕಿಗಳಿದ್ದರು.

ಈ ಗಾಡಿಗಳು ಹೇಗೆ ಉಳಿದವು? ಅವುಗಳನ್ನು ಕೊಳ್ಳುವವರಿಗೆ ಬೇಕಿದ್ದದ್ದು ಬೇರೆ ಕಡೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಗಟ್ಟಿಮುಟ್ಟಾದ ಚೌಕಟ್ಟಿನ ಎಸ್‌ಯುವಿ ಬೇಕು ಅನ್ನುವವನಿಗೆ, ಎಂಟು ಸಿಲಿಂಡರ್‌ನ ದೊಡ್ಡ ವಿ8 ಎಂಜಿನ್ ಬೇಕು ಅನ್ನುವವನಿಗೆ ಹಳೆಯದು ಅನ್ನೋದು ದೋಷವೇ ಅಲ್ಲ. ಅದರ ಜೊತೆ ಕಂಪನಿಯೂ ಬೇಡಿಕೆ ನೋಡಿಕೊಂಡೇ ಗಾಡಿ ಕಳಿಸಬೇಕು. ಹತ್ತು ಗಿರಾಕಿ ಇರುವ ಕಡೆ ಒಂಬತ್ತು ಗಾಡಿ ಬಂದರೆ ಹಳೆಯ ಮಾಡೆಲ್ ಕೂಡ ಮರ್ಯಾದೆಯಿಂದ ಮಾರಾಟವಾಗುತ್ತದೆ. ಹದಿನೈದು ಬಂದರೆ ಹೊಸ ಮಾಡೆಲ್ಲೇ ಮೂರು ತಿಂಗಳಲ್ಲಿ ಹಳೆಯದಾಗುತ್ತದೆ.

ಎದುರಾಳಿಗಳು ತುಂಬಿರುವ ಕಡೆ ಮಾತ್ರ ಮಾಡೆಲ್‌ಗಳು ಬೇಗ ಮುಪ್ಪಾಗುತ್ತವೆ. ಅಂಥ ಕಡೆ ಐದರಿಂದ ಏಳು ವರ್ಷಕ್ಕೊಮ್ಮೆ ಪೂರ್ತಿ ಹೊಸ ಗಾಡಿ, ನಡುವೆ ಒಂದು ಫೇಸ್‌ಲಿಫ್ಟ್, ಇದು ವಾಡಿಕೆ. ಫೇಸ್‌ಲಿಫ್ಟ್ ಅಂದರೆ ಬಂಪರ್, ದೀಪ, ಗ್ರಿಲ್, ಸೀಟಿನ ಬಟ್ಟೆ. ಬಾಗಿಲು, ಛಾವಣಿ, ಮುಂದಿನ ಗಾಜು ಬದಲಾಗುವುದಿಲ್ಲ, ಯಾಕೆಂದರೆ ಅವುಗಳ ಅಚ್ಚುಗಳಿಗೆ ಭಾರಿ ಖರ್ಚು. ಆದರೆ ಈಗಿನ ಕಾರಿನಲ್ಲಿ ನಿಜವಾಗಿ ಮೊದಲು ಮುಪ್ಪಾಗುವುದು ಕಣ್ಣಿಗೆ ಕಾಣದ ಭಾಗ. ಒಳಗಿನ ವೈರಿಂಗ್, ಕಂಟ್ರೋಲ್ ಯೂನಿಟ್‌ಗಳು, ಅವು ಒಂದಕ್ಕೊಂದು ಮಾತಾಡುವ ಜಾಲ. ಹತ್ತು ವರ್ಷದ ಹಿಂದೆ ರೂಪಿಸಿದ ಜಾಲದ ಮೇಲೆ ಹೊಸ ಕ್ಯಾಮೆರಾ, ರಾಡಾರ್, ಮೊಬೈಲ್‌ನಂತೆ ತಾನೇ ಅಪ್‌ಡೇಟ್ ಆಗುವ ಸಾಫ್ಟ್‌ವೇರ್ ಕೂರಿಸುವುದು ಬಹಳ ಕಷ್ಟ. ಹಾಗಾಗಿ ಫೇಸ್‌ಲಿಫ್ಟ್ ಗಾಡಿಯ ಮುಖ ಹೊಸದಾಗಿ ಕಂಡರೂ ಗಿರಾಕಿ ಒಳಗೆ ಕೂತು ಸ್ಕ್ರೀನ್ ಮುಟ್ಟಿದ ಕೂಡಲೇ ಗುಟ್ಟು ಬಯಲಾಗುತ್ತದೆ. ಸೇಲ್ಸ್ ಹುಡುಗರು ಗಿರಾಕಿಯನ್ನು ಕಳೆದುಕೊಳ್ಳುವುದು ಅಲ್ಲೇ.

ಇನ್ನು ಡೀಲರ್‌ನ ದೊಡ್ಡ ಭಯಕ್ಕೆ ಬರೋಣ. ಹಳೆಯದರ ತಯಾರಿಕೆ ನಿಂತ ದಿನಕ್ಕೂ ಹೊಸದು ಯಾರ್ಡ್‌ಗೆ ಬಂದ ದಿನಕ್ಕೂ ನಡುವೆ ಬೀಳುವ ಖಾಲಿ ಸಮಯ ಅದು. ಇದಕ್ಕೆ ಜೀಪ್ ಚೆರೋಕಿ ಒಳ್ಳೆಯ ಉದಾಹರಣೆ. 2018ರಲ್ಲಿ ಅಮೆರಿಕದಲ್ಲಿ ಅದು ಎರಡು ಲಕ್ಷಕ್ಕಿಂತ ಜಾಸ್ತಿ ಮಾರಾಟವಾಗಿತ್ತು. 2023ರ ಫೆಬ್ರವರಿಯಲ್ಲಿ, ಜೀಪ್, ಡಾಡ್ಜ್, ಕ್ರೈಸ್ಲರ್, ರ‍್ಯಾಮ್ ಬ್ರ್ಯಾಂಡ್‌ಗಳ ಒಡೆಯನಾದ ಸ್ಟೆಲಾಂಟಿಸ್ ಕಂಪನಿ ಇಲಿನಾಯ್‌ನ ಬೆಲ್ವಿಡಿಯರ್ ಕಾರ್ಖಾನೆಯನ್ನು ನಿಲ್ಲಿಸಿತು, ಚೆರೋಕಿಯೂ ನಿಂತಿತು. ಅದರ ಜಾಗಕ್ಕೆ ಹೊಸ ಹೈಬ್ರಿಡ್ ಚೆರೋಕಿಯನ್ನು ತೋರಿಸಿದ್ದು 2025ರ ಆಗಸ್ಟ್‌ನಲ್ಲಿ. ಅಮೆರಿಕದಲ್ಲಿ ಜನ ಹೆಚ್ಚು ಕೊಳ್ಳುವ ಅಳತೆಯ ಎಸ್‌ಯುವಿ ಅದು. ಆ ಸಾಲಿನಲ್ಲಿ ಎರಡೂವರೆ ವರ್ಷ ಜೀಪ್ ಡೀಲರ್ ಹತ್ತಿರ ಸರಿಯಾದ ಗಾಡಿಯೇ ಇರಲಿಲ್ಲ.

ಅದೇ ಹೊತ್ತಿಗೆ, 2023ರ ಡಿಸೆಂಬರ್‌ನಲ್ಲಿ, ಕೆನಡಾದ ಬ್ರಾಂಪ್ಟನ್‌ನಲ್ಲಿ ಡಾಡ್ಜ್ ಚಾರ್ಜರ್, ಚಾಲೆಂಜರ್, ಕ್ರೈಸ್ಲರ್ 300 ಮೂರೂ ನಿಂತವು. ಅಲ್ಲಿಂದ ಕ್ರೈಸ್ಲರ್ ಅನ್ನುವ ಇಡೀ ಬ್ರ್ಯಾಂಡ್ ಮಿನಿವ್ಯಾನ್ ಒಂದರ ಮೇಲೆ ನಿಂತಿದೆ. ಆ ಮಿನಿವ್ಯಾನ್ ಮೊದಲು ಬಂದದ್ದು 2016ರಲ್ಲಿ. ಹೊಸ ಚಾರ್ಜರ್ ಬಂತು ನಿಜ, ಆದರೆ ಮೊದಲು ಬಂದದ್ದು ಎಲೆಕ್ಟ್ರಿಕ್. ಹಳೆಯ ಚಾರ್ಜರ್ ಕೊಳ್ಳುತ್ತಿದ್ದವನು ವಿ8 ಸದ್ದಿಗೆ ಮನಸೋತವನು. ಕಂಪನಿಯ ಪಟ್ಟಿಯಲ್ಲಿ ಇದು "ಚಾರ್ಜರ್ ಬದಲಿಗೆ ಚಾರ್ಜರ್" ಅಂತ ಕಾಣುತ್ತದೆ. ಶೋರೂಂನಲ್ಲಿ ಹಾಗಾಗಲಿಲ್ಲ. ಹೆಸರು ಉಳಿಯಿತು, ಗಿರಾಕಿ ಬದಲಾದ. ಪಟ್ಟಿ ಓದುವಾಗ ಎಲ್ಲಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳುವ ಸಂಗತಿ ಇದು. ಹೊಸ ಗಾಡಿಯ ಬೆಲೆ ಒಂದು ಮೆಟ್ಟಿಲು ಮೇಲಿದ್ದರೂ ಇದೇ ಕಥೆ, ಕೆಳಗಿನ ಮೆಟ್ಟಿಲಿನ ಗಿರಾಕಿ ಬೇರೆ ಕಂಪನಿಗೆ ಹೋಗುತ್ತಾನೆ.

2024ರ ಸೆಪ್ಟೆಂಬರ್‌ನಲ್ಲಿ ಸ್ಟೆಲಾಂಟಿಸ್‌ನ ಅಮೆರಿಕದ ಡೀಲರ್ ಮಂಡಳಿ ಆಗಿನ ಸಿಇಒ ಕಾರ್ಲೋಸ್ ಟವರೆಸ್ ಅವರಿಗೆ ಬಹಿರಂಗ ಪತ್ರವನ್ನೇ ಬರೆಯಿತು. 2023ರ ದಾಖಲೆ ಲಾಭಕ್ಕಾಗಿ ಬ್ರ್ಯಾಂಡ್‌ಗಳ ಭವಿಷ್ಯವನ್ನು ಬಲಿ ಕೊಡಲಾಗಿದೆ ಅನ್ನೋದು ಅದರ ತಿರುಳು. ಕಂಪನಿ ಇದನ್ನು ಒಪ್ಪಲಿಲ್ಲ. ಡಿಸೆಂಬರ್ 1ರಂದು ಟವರೆಸ್ ರಾಜೀನಾಮೆ ಕೊಟ್ಟರು. ಮುಂದೆ ಬಂದ ಆಂಟೋನಿಯೋ ಫಿಲೋಸಾ 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ನಾಲ್ಕು ವರ್ಷಕ್ಕೆ 1,300 ಕೋಟಿ ಡಾಲರ್ ಹೂಡಿಕೆ, ಐದು ಹೊಸ ಮಾಡೆಲ್ ಅಂತ ಘೋಷಿಸಿದರು. ರ‍್ಯಾಮ್ ಪಿಕಪ್‌ನಿಂದ ತೆಗೆದುಹಾಕಿದ್ದ ಹೆಮಿ ವಿ8 ಎಂಜಿನ್ನೂ ಅದೇ ವರ್ಷ ವಾಪಸ್ ಬಂತು. ಡೀಲರ್‌ಗಳ ಮಾತಿಗೆ ಬೆಲೆ ಸಿಕ್ಕಿತು ಅಂತ ನನಗೆ ಖುಷಿಯೇ. ಆದರೆ ಎಂಜಿನ್ ವಾಪಸ್ ತರುವುದಕ್ಕೆ ತಿಂಗಳುಗಳು ಸಾಕು, ಹೊಸ ಗಾಡಿಗೆ ವರ್ಷಗಳು ಬೇಕು. ಮೂರರಿಂದ ಐದು ವರ್ಷ ಅನ್ನೋದು ಹಳೆಯ ಕಂಪನಿಗಳ ರೂಢಿ. ಇವತ್ತು ಶೋರೂಂನಲ್ಲಿ ಕಾಣುವ ಖಾಲಿ ಜಾಗ ನಾಲ್ಕು ವರ್ಷದ ಹಿಂದೆ ಯಾರೋ ಮುಂದೂಡಿದ ನಿರ್ಧಾರ.

ಖಾಲಿ ಸಮಯಕ್ಕೆ ಇನ್ನೊಂದು ಕಾರಣ ಸರ್ಕಾರಿ ನಿಯಮಗಳು. ಪೋರ್ಷೆ ಮಕಾನ್ ನೋಡಿ. ಪೆಟ್ರೋಲ್ ಮಕಾನ್ 2014ರಿಂದ ಇದ್ದ ಗಾಡಿ, ಮಾರಾಟ ಚೆನ್ನಾಗೇ ಇತ್ತು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಸೈಬರ್ ಭದ್ರತೆಯ ನಿಯಮ ಕಡ್ಡಾಯವಾಯಿತು. ಹಳೆಯ ಮಕಾನ್‌ನ ಒಳಗಿನ ಜಾಲವನ್ನು ಅದಕ್ಕೆ ಹೊಂದಿಸುವ ಖರ್ಚು ಬೇಡ ಅಂತ ಕಂಪನಿ ಅಲ್ಲಿ ಅದನ್ನು ನಿಲ್ಲಿಸಿತು. ಎಲೆಕ್ಟ್ರಿಕ್ ಮಕಾನ್ ಸಾಫ್ಟ್‌ವೇರ್ ತೊಂದರೆಯಿಂದ ತಡವಾಗಿ 2024ರ ಆರಂಭದಲ್ಲಿ ಹೊರಬಂದಿತ್ತು. ಪೆಟ್ರೋಲೇ ಬೇಕು ಅನ್ನುವವರಿಗೆ ಆ ಸಾಲಿನಲ್ಲಿ ಏನೂ ಉಳಿಯಲಿಲ್ಲ. ಎಲ್ಲರೂ ಎಲೆಕ್ಟ್ರಿಕ್‌ಗೆ ಬರುತ್ತಾರೆ ಅನ್ನೋ ಲೆಕ್ಕ ಹುಸಿಯಾಗಿ, ಮಕಾನ್ ಸಾಲಿಗೇ ಸೇರುವ ಹೊಸ ಪೆಟ್ರೋಲ್ ಎಸ್‌ಯುವಿ ತರುವುದಾಗಿ 2025ರಲ್ಲಿ ಕಂಪನಿಯೇ ಹೇಳಿತು. ಅಲ್ಲಿವರೆಗಿನ ವರ್ಷಗಳನ್ನು ದಾಟಬೇಕಾದವರು ಮತ್ತೆ ಡೀಲರ್‌ಗಳೇ.

ಜಾಗ್ವಾರ್ ಅಂತೂ ಇದನ್ನು ಬೇಕೆಂದೇ ಮಾಡಿತು. 2024ರ ನವೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ಹೊಸ ಕಾರುಗಳ ಮಾರಾಟವನ್ನೇ ನಿಲ್ಲಿಸಿತು. ದುಬಾರಿ ಎಲೆಕ್ಟ್ರಿಕ್ ಬ್ರ್ಯಾಂಡ್ ಆಗಿ ಮರಳುವುದು ಅದರ ಯೋಜನೆ. ಅಲ್ಲಿನ ಬಹುತೇಕ ಡೀಲರ್‌ಗಳ ಹತ್ತಿರ ಲ್ಯಾಂಡ್ ರೋವರ್ ಕೂಡ ಇದ್ದದ್ದರಿಂದ ಬಾಗಿಲು ಮುಚ್ಚಬೇಕಾಗಲಿಲ್ಲ. ಒಂದೇ ಬ್ರ್ಯಾಂಡ್ ನಂಬಿದವನಿಗೆ ಇಂಥ ನಿರ್ಧಾರ ಬಂದರೆ ಗತಿ ಏನು ಅನ್ನೋದನ್ನು ಯೋಚಿಸಿ.

ಹೀಗಿರುವಾಗ ಡೀಲರ್ ಏನು ಮಾಡಬೇಕು? ಕಂಪನಿಯವರು ಹೇಳುವ ಅನಾವರಣದ ದಿನಾಂಕ ಇಟ್ಟುಕೊಂಡು ಯಾವ ಲೆಕ್ಕವನ್ನೂ ಹಾಕಬೇಡಿ ಅಂತ ನಾನು ಹೇಳುತ್ತೇನೆ. ಹಳೆಯ ಮಾಡೆಲ್‌ನ ಕೊನೆಯ ಗಾಡಿ ಕಾರ್ಖಾನೆಯಿಂದ ಹೊರಬೀಳುವ ತಿಂಗಳು ಯಾವುದು, ಹೊಸದರ ಮೊದಲ ಬಿಲ್ ಯಾವ ತಿಂಗಳು, ಅದರಲ್ಲಿ ನನ್ನ ಪಾಲಿಗೆ ಎಷ್ಟು, ಇದನ್ನು ಬರಹದಲ್ಲಿ ಕೇಳಿ. ಉಳಿದ ಹಳೆಯ ಸ್ಟಾಕ್‌ಗೆ ಕಂಪನಿ ಎಷ್ಟು ನೆರವು ಕೊಡುತ್ತದೆ ಅನ್ನೋದನ್ನು ಹೊಸ ಮಾಡೆಲ್ ಸುದ್ದಿ ಹೊರಬೀಳುವ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ. ಹೊಸ ಗಾಡಿಯ ಫೋಟೊ ಬಂದ ಮೇಲೆ ಹಳೆಯದರ ಬೆಲೆ ಇಳಿಯುವುದು ಖಚಿತ. ಆಗ ಬರುವ ಸ್ಕೀಮ್ ಹಿಂದಿನ ತಿಂಗಳು ಮಾರಿದ ಗಾಡಿಗೆ ಅನ್ವಯಿಸುವುದಿಲ್ಲ.

ಡೀಲರ್‌ಗಳಿಗೂ ನಾನೊಂದು ಖಡಕ್ ಮಾತು ಹೇಳಬೇಕು. ತ್ರೈಮಾಸಿಕದ ಕೊನೆಗೆ ಟಾರ್ಗೆಟ್ ಬೋನಸ್ ಸಿಗುತ್ತದೆ ಅಂತ ಬೇಡದ ಗಾಡಿ ಎತ್ತಿಕೊಳ್ಳುವುದು ನೀವೇ. ಆ ಬೋನಸ್ ಕೈಗೆ ಬರುತ್ತದೆ, ನಿಜ. ಮೂರು ತಿಂಗಳ ಬಡ್ಡಿ ಮತ್ತು ಡಿಸ್ಕೌಂಟ್ ಕಳೆದು ನೋಡಿದರೆ ಎಷ್ಟೋ ಸಲ ಅದು ನಷ್ಟದ ವ್ಯಾಪಾರ. ಕೊನೆಗಾಲದ ಮಾಡೆಲ್‌ನಲ್ಲಿ ಬೇಡ ಅನ್ನುವ ಧೈರ್ಯ ಇರಲೇಬೇಕು.

ಖಾಲಿ ಸಮಯ ದಾಟಿಸುವುದು ಸರ್ವಿಸ್ ವಿಭಾಗ. ಶೋರೂಂ ಬಾಡಿಗೆ, ಸಂಬಳ, ವಿದ್ಯುತ್ ಎಲ್ಲ ಸೇರಿದ ಸ್ಥಿರ ಖರ್ಚಿನಲ್ಲಿ ಎಷ್ಟು ಪಾಲನ್ನು ಸರ್ವಿಸ್ ಮತ್ತು ಬಿಡಿಭಾಗಗಳ ಲಾಭ ತುಂಬುತ್ತದೆ ಅನ್ನೋ ಲೆಕ್ಕ ನಮ್ಮ ಕಸುಬಿನಲ್ಲಿ ಬಹಳ ಮುಖ್ಯ. ಅದು ನೂರು ಶೇಕಡಾ ಹತ್ತಿರ ಇದ್ದರೆ ಒಂದೂ ಹೊಸ ಕಾರು ಮಾರದ ತಿಂಗಳಲ್ಲೂ ಬಾಗಿಲು ತೆರೆದಿರುತ್ತದೆ. ಐವತ್ತರ ಸುತ್ತ ಇದ್ದರೆ ಮುಂದಿನ ಮಾಡೆಲ್ ಆರು ತಿಂಗಳು ತಡವಾದರೂ ಸಾಲ ಕುತ್ತಿಗೆಗೆ ಬರುತ್ತದೆ. ಸೆಕೆಂಡ್‌ಹ್ಯಾಂಡ್ ಕಾರಿನ ವಿಭಾಗವೂ ಹಾಗೇ. ಅಲ್ಲಿ ಕಂಪನಿಯ ಪಟ್ಟಿಗೆ ಕಾಯಬೇಕಾಗಿಲ್ಲ.

ಕೊಳ್ಳುವವರಿಗೂ ಇದರಲ್ಲಿ ಪಾಠ ಇದೆ. ಕೊನೆಗಾಲದ ಮಾಡೆಲ್ ಅಂದರೆ ಕೆಟ್ಟ ಗಾಡಿ ಅಂತ ಅಲ್ಲ, ಶುರುವಿನ ದೋಷಗಳೆಲ್ಲ ಅಷ್ಟೊತ್ತಿಗೆ ತಿದ್ದಿಹೋಗಿರುತ್ತವೆ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ಧಾರಾಳವಾಗಿ ತಗೊಳ್ಳಿ, ತಯಾರಾದ ತಿಂಗಳು ನೋಡಿ, ಡಿಸ್ಕೌಂಟ್ ಗಟ್ಟಿಯಾಗಿ ಕೇಳಿ. ಮೂರು ವರ್ಷಕ್ಕೆ ಮಾರುವವರು ಬೇಡ, ಹೊಸ ಮಾಡೆಲ್ ಬಂದ ದಿನವೇ ರೀಸೇಲ್ ಬೆಲೆ ಇಳಿಯುತ್ತದೆ.

ಹೊಸ ಗಾಡಿ ಕೊನೆಗೂ ಬಂದಾಗ ಇನ್ನೊಂದು ಕಷ್ಟ ಎದುರಾಗುತ್ತದೆ. ಹಳೆಯ ಚೆರೋಕಿಯನ್ನು 2020, 2021ರಲ್ಲಿ ಮೂರು ವರ್ಷದ ಲೀಸ್‌ಗೆ ತಗೊಂಡವರು ಅದನ್ನು ವಾಪಸ್ ಕೊಟ್ಟಾಗ ಶೋರೂಂನಲ್ಲಿ ಹೊಸದು ಇರಲಿಲ್ಲ. ಅವರಲ್ಲಿ ಬೇರೆ ಕಂಪನಿಗೆ ಹೋದವರನ್ನು ಜಾಹೀರಾತಿನಿಂದ ವಾಪಸ್ ಕರೆತರುವುದು ದುಬಾರಿ ಕೆಲಸ. ಹಳೆಯ ಗಾಡಿಯನ್ನೇ ಇಟ್ಟುಕೊಂಡು ಸರ್ವಿಸ್‌ಗೆ ಬರುತ್ತಿರುವವರು ಮಾತ್ರ ಕೈಗೆ ಸಿಗುವವರು. ಅವರ ಹೆಸರು, ಗಾಡಿಯ ವಯಸ್ಸು, ಓಡಿದ ಕಿಲೋಮೀಟರ್, ಎಲ್ಲ ಸರ್ವಿಸ್ ದಾಖಲೆಯಲ್ಲೇ ಇದೆ. ಮೊದಲ ಡೆಮೊ ಕಾರು ಬಂದ ವಾರ ಫೋನ್ ಮಾಡಬೇಕಾದದ್ದು ಅವರಿಗೆ.