ಬಿತ್ತುವ ಮೊದಲೇ ಬೀಜಕ್ಕೆ ನೀರು

ಸಾವಿರ ರಾಗಿ ಕಾಳು ತೂಗಿದರೆ ಸುಮಾರು 3 ಗ್ರಾಂ ಬರುತ್ತದೆ, ಅಷ್ಟೇ. ಇಷ್ಟು ಸಣ್ಣ ಕಾಳು ಸಸಿಗಾಗಿ ಕಟ್ಟಿಕೊಂಡಿರುವ ಬುತ್ತಿಯೂ ಸಣ್ಣದೇ. ಹಾಗಾಗಿ ಅದನ್ನು ಆಳಕ್ಕೆ ಬಿತ್ತುವಂತಿಲ್ಲ. ಮೇಲ್ಮಣ್ಣಿನಲ್ಲೇ ಬಿತ್ತಬೇಕು. ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಿನ ಹೊಲಗಳಲ್ಲಿ ನಾಲ್ಕು ದಿನ ಬಿಸಿಲು ಕಾದರೆ ಆ ಮೇಲ್ಮಣ್ಣು ಒಣಗಿಬಿಡುತ್ತದೆ. ಬೇರು ಕೆಳಗಿನ ತೇವ ಮುಟ್ಟುವುದು ಮೊದಲೋ, ಮಣ್ಣು ಒಣಗುವುದು ಮೊದಲೋ? ಮಳೆಯನ್ನೇ ನಂಬಿದ ಹೊಲದಲ್ಲಿ ಬೆಳೆಯ ಹಣೆಬರಹ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಈ ಪೈಪೋಟಿಯಲ್ಲಿ ಬೀಜಕ್ಕೆ ಬಲ ಕೊಡುವ ಒಂದು ಕೆಲಸವಿದೆ. ಅದಕ್ಕೆ ಖರ್ಚು ಇಲ್ಲವೆಂದೇ ಹೇಳಬೇಕು. 1 ಕಿಲೋ ರಾಗಿಗೆ 1 ಲೀಟರ್ ನೀರು ಹಾಕಿ 6 ಗಂಟೆ ನೆನೆಸಬೇಕು. ನೀರು ಬಸಿದು, ಒದ್ದೆ ಬಟ್ಟೆಯ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಬೇಕು. ಮೊಳಕೆಯ ಸುಳಿವು ಕಂಡ ಕೂಡಲೇ ನೆರಳಿನಲ್ಲಿ ಹರಡಿ ಎರಡು ದಿನ ಒಣಗಿಸಬೇಕು. ಆಮೇಲೆ ಬಿತ್ತನೆ. ಇದನ್ನು ಬೀಜ ಗಟ್ಟಿಗೊಳಿಸುವುದು ಅನ್ನುತ್ತಾರೆ.

ನೆನೆಸಿದ್ದನ್ನು ಮತ್ತೆ ಒಣಗಿಸಿದರೆ ಮಾಡಿದ ಕೆಲಸ ಹಾಳಾಗುವುದಿಲ್ಲವೇ? ಇಲ್ಲ. ಇದರ ಸ್ವಾರಸ್ಯ ಇರುವುದೇ ಅಲ್ಲಿ. ಒಣ ಬೀಜ ಮೊದಲ ಕೆಲವು ಗಂಟೆ ಗಟಗಟನೆ ನೀರು ಹೀರುತ್ತದೆ. ಆಮೇಲೆ ಹೀರುವುದು ಹೆಚ್ಚೂಕಡಿಮೆ ನಿಂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನ್ನಿಸಬೇಕು, ಹಾಗೆ. ಆದರೆ ಒಳಗೆ ಭಾರಿ ಕೆಲಸ ನಡೆದಿರುತ್ತದೆ. ದಾಸ್ತಾನಿನಲ್ಲಿ ತಿಂಗಳುಗಟ್ಟಲೆ ಇದ್ದಾಗ ಡಿಎನ್‌ಎಗೆ ಆದ ಹಾನಿ ರಿಪೇರಿಯಾಗುತ್ತದೆ. ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಚುರುಕಾಗುತ್ತವೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ತಯಾರಾಗತೊಡಗುತ್ತವೆ. ಇದೆಲ್ಲ ಆದ ಮೇಲೇ ಬೇರು ಸಿಪ್ಪೆ ಸೀಳಿ ಹೊರಬರುವುದು.

ಬೇರು ಹೊರಬೀಳುವವರೆಗೂ ಬೀಜ ಒಣಗುವಿಕೆಯನ್ನು ತಾಳಿಕೊಳ್ಳುತ್ತದೆ. ಒಳಗೆ ಆದ ಸಿದ್ಧತೆಯ ಬಹುಭಾಗ ಹಾಗೇ ಉಳಿಯುತ್ತದೆ. ಹೊಲದಲ್ಲಿ ಮತ್ತೆ ತೇವ ಸಿಕ್ಕಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಬೇರು ಉದ್ದವಾದ ಮೇಲೆ ಒಣಗಿಸಿದರೆ ಮಾತ್ರ ಸಸಿ ಸತ್ತೇಹೋಗುತ್ತದೆ. ಅದಕ್ಕೇ ಎರಡನೇ ದಿನ ಚೀಲವನ್ನು ಆಗಾಗ ಬಿಚ್ಚಿ ನೋಡುತ್ತಿರಬೇಕು. ಗಡಿಯಾರಕ್ಕಿಂತ ಕಣ್ಣನ್ನು ನಂಬುವುದೇ ಒಳ್ಳೆಯದು. ಸೆಕೆ ಜಾಸ್ತಿಯಿದ್ದರೆ ಮೊಳಕೆ ಬೇಗ ಬರುತ್ತದೆ.

ಇದೇನೂ ಹೊಸ ತಿಳಿವಳಿಕೆಯಲ್ಲ. ಧಾನ್ಯದ ಬೀಜವನ್ನು ಏಳು ರಾತ್ರಿ ಇಬ್ಬನಿಗೆ ಒಡ್ಡಿ ಬಿಸಿಲಲ್ಲಿ ಒಣಗಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ನೆನೆಸು, ಒಣಗಿಸು, ಮತ್ತೆ ನೆನೆಸು. ಡಿಎನ್‌ಎ ಎಂಬ ಹೆಸರೇ ಇಲ್ಲದ ಕಾಲದಲ್ಲಿ ಯಾರೋ ಹೊಲವನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿರಬೇಕು, ಅಲ್ವಾ?

ಎಲ್ಲ ಬೀಜಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಕಲಬುರಗಿ ಕಡೆಯ ತೊಗರಿಯನ್ನೇ ತೆಗೆದುಕೊಳ್ಳಿ. ದ್ವಿದಳ ಕಾಳು ಬಹಳ ಹೊತ್ತು ನೀರಲ್ಲಿದ್ದರೆ ಉಬ್ಬಿ ಸಿಪ್ಪೆ ಒಡೆಯುತ್ತದೆ, ಬೇಳೆ ಬಿರುಕು ಬಿಡುತ್ತದೆ. ಹಾಗಾಗಿ ಲೀಟರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿನಲ್ಲಿ ಗಂಟೆ ಹೊತ್ತು ನೆನೆಸಿ, ನೆರಳಲ್ಲಿ ಒಣಗಿಸಿದರೆ ಸಾಕು. ಅಲ್ಲಿ ಇನ್ನೊಂದು ಕಾಟವೂ ಇದೆ, ನೆಟೆ ರೋಗ. ಅದರ ಶಿಲೀಂಧ್ರ ಮಣ್ಣಲ್ಲೇ ಇದ್ದು ಬೇರಿನ ಮೂಲಕ ಗಿಡದೊಳಗೆ ನುಗ್ಗುತ್ತದೆ. ನೀರು ಸಾಗುವ ದಾರಿ ಕಟ್ಟಿಕೊಂಡು ಗಿಡ ನಿಂತಲ್ಲೇ ಸೊರಗುತ್ತದೆ. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಪುಡಿ ಲೇಪಿಸಿದರೆ, ಆ ಶಿಲೀಂಧ್ರವನ್ನು ಹತ್ತಿಕ್ಕುವ ಇನ್ನೊಂದು ಶಿಲೀಂಧ್ರ ಎಳೆಬೇರಿನ ಸುತ್ತ ಮೊದಲೇ ಬೀಡುಬಿಡುತ್ತದೆ.

ತೊಗರಿಯಂಥ ದ್ವಿದಳ ಬೀಜಕ್ಕೆ ಹಚ್ಚುವ ರೈಜೋಬಿಯಂ ಲೇಪನದ್ದು ಬೇರೆಯೇ ಕೆಲಸ. ಈ ಬ್ಯಾಕ್ಟೀರಿಯಾ ಬೇರಿನಲ್ಲಿ ಗಂಟು ಕಟ್ಟಿಸಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುತ್ತದೆ. ಬೆಲ್ಲದ ಪಾಕ ಆರಿದ ಮೇಲೆ ಅದನ್ನು ಅಂಟಾಗಿ ಬಳಸಿ ಬೀಜಕ್ಕೆ ಹಚ್ಚುತ್ತಾರೆ. ಪ್ಯಾಕೆಟ್ಟಿನಲ್ಲಿರುವುದು ಗೊಬ್ಬರವಲ್ಲ, ಜೀವ. ಬಿಸಿಲಿಗೆ ಇಟ್ಟರೆ ಸಾಯುತ್ತದೆ, ರಾಸಾಯನಿಕ ಔಷಧಿಯ ಜೊತೆ ಕಲಸಿದರೂ ಸಾಯುತ್ತದೆ. ಅಂಗಡಿಯಿಂದ ತಂದ ಬಣ್ಣ ಹಚ್ಚಿದ ಬೀಜಕ್ಕೆ ಆಗಲೇ ಔಷಧಿ ಲೇಪಿಸಿರುತ್ತಾರೆ. ಅದನ್ನು ಮತ್ತೆ ನೆನೆಸಬೇಡಿ.

ಚೆನ್ನಾಗಿ ಒಣಗಿಸಿದ ರಾಗಿಯಾದರೆ ಮಳೆಗಾಗಿ ಕೆಲವು ದಿನ ಕಾಯಬಲ್ಲದು. ರೈಜೋಬಿಯಂ ಹಚ್ಚಿದ ಬೀಜಕ್ಕೆ ಆ ತಾಳ್ಮೆಯಿಲ್ಲ. ಹೊಲ ಹದವಾದ ಮೇಲೇ ಪ್ಯಾಕೆಟ್ ಒಡೆದು, ಹಚ್ಚಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿಬಿಡಬೇಕು.