ಒಂದು ಟನ್ ಹೊಗೆಯ ಬೆಲೆ ಎಷ್ಟು?

ಉಡುಪಿಯ ಓದುಗರೊಬ್ಬರ ಪ್ರಶ್ನೆ: ಒಂದು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿದರೆ 5 ಡಾಲರ್ ನಷ್ಟ ಎಂದು ಒಂದು ಕಡೆ ಓದಿದೆ, 190 ಡಾಲರ್ ಎಂದು ಇನ್ನೊಂದು ಕಡೆ. ಯಾವುದು ಸರಿ? ಆ ದುಡ್ಡು ಕಟ್ಟುವವರಾದರೂ ಯಾರು?

ತಮಾಷೆಯೆಂದರೆ ಎರಡೂ ಅಮೆರಿಕ ಸರಕಾರದ್ದೇ ಲೆಕ್ಕ. ಟ್ರಂಪ್ ಅವರ ಮೊದಲ ಅವಧಿಯಲ್ಲಿ 1ರಿಂದ 7 ಡಾಲರಿನೊಳಗೆ ಇದ್ದ ಅಂಕಿ, 2023ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೊಸದಾಗಿ ಎಣಿಸಿದಾಗ 190 ಆಯಿತು. ನಡುವೆ ವಿಜ್ಞಾನವೂ ಒಂದಿಷ್ಟು ಮುಂದೆ ಹೋಗಿತ್ತು, ನಿಜ. ಆದರೆ ಇಷ್ಟು ದೊಡ್ಡ ಅಂತರಕ್ಕೆ ಮುಖ್ಯ ಕಾರಣ ಬೇರೆಯೇ.

ಮೊದಲನೆಯದು, ಯಾರ ನಷ್ಟ ಎಂಬುದು. ಟ್ರಂಪ್ ಕಾಲದವರು ಅಮೆರಿಕದ ಗಡಿಯೊಳಗಿನ ಹಾನಿಯನ್ನು ಮಾತ್ರ ಎಣಿಸಿದರು. ಉಳ್ಳಾಲದಲ್ಲೊಂದು ಮನೆ ಕಡಲಪಾಲಾದರೆ ಆ ಪುಸ್ತಕದಲ್ಲಿ ಅದು ಸೊನ್ನೆ. ಹೊಗೆಗೆ ಪಾಸ್‌ಪೋರ್ಟ್ ಬೇಡ, ಲೆಕ್ಕಕ್ಕೆ ಮಾತ್ರ ಬೇಕು!

ಎರಡನೆಯದು ಬಡ್ಡಿ. ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ಹುಟ್ಟಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಇಂದು ಬಿಟ್ಟ ಇಂಗಾಲ ನೂರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ, ಹಾನಿಯ ದೊಡ್ಡ ಪಾಲು ಮುಂದಿನವರ ತಲೆಗೆ. ನೂರು ವರ್ಷದ ನಂತರ ಆಗುವ ಒಂದು ಲಕ್ಷ ರೂಪಾಯಿ ನಷ್ಟಕ್ಕೆ ಇವತ್ತು ಎಷ್ಟು ತೆಗೆದಿಟ್ಟರೆ ಸಾಕು? ವರ್ಷಕ್ಕೆ ಶೇ. 7ರಂತೆ ಚಕ್ರಬಡ್ಡಿ ಹಾಕಿದರೆ ಸುಮಾರು 115 ರೂಪಾಯಿ ಸಾಕು. ಶೇ. 5 ಆದರೆ 760. ಶೇ. 2 ಎಂದರೆ 13,800 ಬೇಕು. ಟ್ರಂಪ್ ಕಾಲದವರು ಶೇ. 3 ಮತ್ತು 7ನ್ನು ಹಿಡಿದಿದ್ದರು. 190 ಡಾಲರ್ ಬಂದದ್ದು ಶೇ. 2ರಲ್ಲಿ. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರ ಜಗಳವೂ ಇದೇ. 2006ರಲ್ಲಿ ಬ್ರಿಟನ್ ಸರಕಾರಕ್ಕೆ ವರದಿ ಕೊಟ್ಟ ನಿಕೋಲಸ್ ಸ್ಟರ್ನ್ ಕಡಿಮೆ ದರ ಹಿಡಿದು, ಸುಮ್ಮನೆ ಕೂತರೆ ಪ್ರತಿ ವರ್ಷ ಜಗತ್ತಿನ ಉತ್ಪನ್ನದ ಶೇ. 5ರಷ್ಟಾದರೂ ಹೋಗುತ್ತದೆ, ಈಗಲೇ ತಡೆದರೆ ಶೇ. 1ರಲ್ಲಿ ಮುಗಿಯುತ್ತದೆ ಎಂದರು. 2018ರಲ್ಲಿ ನೊಬೆಲ್ ಪಡೆದ ವಿಲಿಯಂ ನಾರ್ಡ್‌ಹೌಸ್, ದರ ತೀರಾ ಕಡಿಮೆಯಾಯಿತು ಎಂದು ಆಕ್ಷೇಪಿಸಿದರು. ನನಗಂತೂ ಮರಿಮಗನ ಮನೆಗೆ 115 ರೂಪಾಯಿ ಬೆಲೆ ಕಟ್ಟುವ ಧೈರ್ಯ ಇಲ್ಲ. ಹಾಗಾಗಿ 190 ಹೆಚ್ಚು ನಂಬಬಹುದಾದದ್ದು ಎಂಬುದು ನನ್ನ ಅಭಿಪ್ರಾಯ.

ಇನ್ನು ಕಟ್ಟುವವರು ಯಾರು? ಈಗಾಗಲೇ ಕಟ್ಟುತ್ತಿದ್ದೇವೆ, ರಶೀದಿಯಲ್ಲಿ ಹೆಸರು ಬೇರೆ ಇದೆ ಅಷ್ಟೆ. ಮಳೆ ಬಿಡದೆ ಎಳೆದರೆ ಅಡಿಕೆಗೆ ಕೊಳೆರೋಗ. ಇನ್ನೊಂದು ಸಲ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣದ ಖರ್ಚು ಹೇಗೋ ಆದೀತು, ಮರ ಹತ್ತಿ ಮದ್ದು ಬಿಡುವವರು ಸಿಗಬೇಕಲ್ಲ, ಸಿಕ್ಕಿದರೂ ಅವರ ಮಜೂರಿ? 2019ರ ಅಕ್ಟೋಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ‘ಕ್ಯಾರ್’, ಅದರ ಬೆನ್ನಿಗೇ ‘ಮಹಾ’ ಎಂಬ ಹೆಸರಿನ ಚಂಡಮಾರುತಗಳು ಎದ್ದವು. ಜೂನ್, ಜುಲೈಯ ನಿಷೇಧ ಮುಗಿದು ನಾಲ್ಕು ಕಾಸು ನೋಡುವ ಹೊತ್ತಿಗೆ ಹೀಗೆ ಬೋಟುಗಳು ದಕ್ಕೆಯಲ್ಲೇ ನಿಂತರೆ, ಕಡಲಿಗಿಳಿಯದಿದ್ದರೂ ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದ ವರ್ಷ ಮಂಗಳೂರಿನವರಿಗೆ ಟ್ಯಾಂಕರೇ ಗತಿ.

ಇದೆಲ್ಲವನ್ನೂ ಹವಾಮಾನದ ಖಾತೆಗೇ ಬರೆಯಲಾಗದು. ಉಳ್ಳಾಲದ ಕಡಲ್ಕೊರೆತಕ್ಕೆ ಅಳಿವೆಬಾಗಿಲಿನ ಕಲ್ಲಿನ ತಡೆಗೋಡೆಗಳೂ ಕಾರಣ ಎಂಬ ಮಾತು ಹಳೆಯದು, ಅದರಲ್ಲಿ ಹುರುಳಿದೆ. ಆದರೆ ಏರುತ್ತಿರುವ ಸಮುದ್ರ ಆ ಪೆಟ್ಟನ್ನು ಕಡಿಮೆ ಮಾಡುವುದಿಲ್ಲ. ಅಲ್ಲಿ ಕಡಲೊಳಗೆ ದಿಬ್ಬ ಕಟ್ಟಿದ್ದು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದಲ್ಲಿ, ಅಂದರೆ ಮುಂದೆ ತೆರಿಗೆದಾರ ತೀರಿಸಬೇಕಾದ ಹಣದಲ್ಲಿ.

ಹೊಗೆ ಬಿಡುವವರು ಏನು ಕೊಡುತ್ತಾರೆ? ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಡಾಲರಿಗೆ 85 ರೂಪಾಯಿ ಹಿಡಿದರೆ, 190ರ ಲೆಕ್ಕದಲ್ಲಿ ಲೀಟರಿಗೆ 37 ರೂಪಾಯಿ ಹಾನಿ. 5 ಡಾಲರಿನ ಲೆಕ್ಕದಲ್ಲಿ ಬರೀ ಒಂದು ರೂಪಾಯಿ. "ಅಷ್ಟು ತೆರಿಗೆ ಪಂಪಿನಲ್ಲೇ ಕೊಡ್ತೇವಲ್ಲ ಮಾರಾಯ್ರೆ" ಎಂದರೆ ಅಲ್ಲಗಳೆಯಲಾರೆ, ಹೆಚ್ಚುಕಡಿಮೆ ಕೊಡುತ್ತೇವೆ. ಕಲ್ಲಿದ್ದಲಿನ ಕಥೆ ಬೇರೆ. ಪಡುಬಿದ್ರಿ ಹತ್ತಿರದ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರ ಉರಿಸುವುದು ಪಣಂಬೂರಿನ ಬಂದರಿಗೆ ಹಡಗಿನಲ್ಲಿ ಬರುವ ಕಲ್ಲಿದ್ದಲನ್ನು. ದೇಶದಲ್ಲಿ ಕಲ್ಲಿದ್ದಲಿಗೆ 2010ರಲ್ಲಿ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು, 2016ಕ್ಕೆ ಅದು 400 ಆಯಿತು. ಒಂದು ಟನ್ ಕಲ್ಲಿದ್ದಲಿನಿಂದ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಾಗಾದರೆ ಒಂದು ಟನ್ ಹೊಗೆಗೆ 200 ರೂಪಾಯಿ, ಅಂದರೆ ಎರಡೂವರೆ ಡಾಲರಿಗೂ ಕಡಿಮೆ.

ಶುದ್ಧ ಇಂಧನಕ್ಕೆಂದು ಶುರುವಾದ ಆ ಸೆಸ್, 2017ರಿಂದ ರಾಜ್ಯಗಳ ಜಿಎಸ್‌ಟಿ ಪರಿಹಾರದ ಲೆಕ್ಕಕ್ಕೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಸೆಸ್ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ. 5ರಿಂದ 18ಕ್ಕೆ ಏರಿಸಿದರು. ಜಿಎಸ್‌ಟಿ ಬೀಳುವುದು ಬೆಲೆಯ ಮೇಲೆ, ಹೊಗೆಯ ಮೇಲಲ್ಲ. ಕಲ್ಲಿದ್ದಲು ಅಗ್ಗವಾದಷ್ಟೂ ತೆರಿಗೆಯೂ ಕಡಿಮೆ.