ಒಂದು ಗುಳಿ ಎತ್ತಿದರೆ ಎರಡು ಖಾಲಿ

ಹೈಸ್ಕೂಲ್ ಮಕ್ಕಳಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುವಾಗ ಲಿಸ್ಟ್‌ವರೆಗೆ ಪಾಠ ಸಲೀಸಾಗಿ ಸಾಗುತ್ತದೆ. ಐದು ವಿಷಯದ ಅಂಕ, ವಾರದ ಮಳೆ, ಗೆಳತಿಯರ ಹೆಸರು. ಸಾಲಾಗಿ ಬರೆದಿಡುವುದು ಯಾರಿಗೂ ಹೊಸದಲ್ಲ. ಲಿಸ್ಟ್‌ನೊಳಗೆ ಲಿಸ್ಟ್ ಬಂತು ಅಂದ ಕೂಡಲೇ ಅರ್ಧ ಕ್ಲಾಸು ಸಪ್ಪೆಯಾಗುತ್ತದೆ. ಎರಡೆರಡು ಚೌಕ ಕಂಸ ನೋಡಿ ಹೆದರಿದರು ಅಂತ ನಾವು ಅಂದುಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ತೊಂದರೆ ಇರುವುದು ಬೋರ್ಡ್ ಮೇಲೆ ನಾವು ಬರೆಯುವ ಚಿತ್ರದಲ್ಲಿ.

ಮೊದಲ ದಿನವೇ ಉದ್ದುದ್ದ, ಅಡ್ಡಡ್ಡ ಗೆರೆ ಎಳೆದು, ಚೌಕಗಳ ಮಾಡಿ, ‘ಎರಡು ಆಯಾಮದ ಲಿಸ್ಟ್ ಅಂದರೆ ಇದು’ ಅಂದುಬಿಡುತ್ತೇವೆ. ನೋಡಲು ಚೆನ್ನಾಗಿದೆ. ಆದರೆ ಪೈಥಾನ್‌ನಲ್ಲಿ ಇಂಥ ಚೌಕ ಎಲ್ಲೂ ಇಲ್ಲ. ಅಲ್ಲಿರುವುದು ಹೊರಗೊಂದು ಲಿಸ್ಟ್, ಅದರ ಒಂದೊಂದು ಜಾಗದಲ್ಲೂ ಮತ್ತೊಂದು ಲಿಸ್ಟ್. ಅಷ್ಟೇ. ಇದನ್ನು ಮೊದಲು ಹೇಳದೆ ಚೌಕ ತೋರಿಸಿದರೆ ಮುಂದೆ ಬರುವ ತಪ್ಪುಗಳು ಮಕ್ಕಳಿಗೆ ಮಾಟ ಮಾಡಿದ ಹಾಗೆ ಕಾಣುತ್ತವೆ.

ಬೆಂಗಳೂರಿನ ಮಕ್ಕಳಿಗೆ ಎರಡು ಸಂಖ್ಯೆಯಲ್ಲಿ ಜಾಗ ಹುಡುಕುವುದು ಗೊತ್ತೇ ಇದೆ. 1898ರ ಪ್ಲೇಗ್ ಆದ ಮೇಲೆ ಊರಿನ ಇಕ್ಕಟ್ಟು ಕಡಿಮೆ ಮಾಡಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಮಾಡಿದರು. ಅಲ್ಲಿಂದೀಚೆಗೆ ನಮ್ಮ ವಿಳಾಸಗಳೆಲ್ಲ ಮೇನ್, ಕ್ರಾಸ್. ‘8ನೇ ಮೇನ್, 15ನೇ ಕ್ರಾಸ್’ ಅಂದರೆ ಆಟೋದವರಿಗೆ ಮೂಲೆ ಸಿಕ್ಕಿತು. ಹೋಲಿಕೆ ಇಲ್ಲಿಯವರೆಗೆ ಸರಿ, ಇದಕ್ಕಿಂತ ಮುಂದೆ ಎಳೆಯಬಾರದು. ಆಟೋದಲ್ಲಿ ಕ್ರಾಸ್ ಮೊದಲು ಹೇಳಿದರೂ ನಡೆಯುತ್ತದೆ, ಯಾಕೆಂದರೆ ಯಾವ ಸಂಖ್ಯೆ ಯಾವುದರದ್ದು ಅನ್ನುವ ಮಾತು ಜೊತೆಗೇ ಇರುತ್ತದೆ. ಪ್ರೋಗ್ರಾಮಿನಲ್ಲಿ ಬರೀ ಸಂಖ್ಯೆ. ಮೊದಲು ಬರೆದದ್ದು ಅಡ್ಡಸಾಲು, ಆಮೇಲಿನದು ಆ ಸಾಲಿನೊಳಗಿನ ಜಾಗ. ಸಾಲದ್ದಕ್ಕೆ ಎಣಿಕೆ ಸೊನ್ನೆಯಿಂದ ಶುರು.

ಗಣಿತದ ಪೀರಿಯಡ್ ಇದಕ್ಕೆ ಇನ್ನೊಂದು ಗಂಟು ಹಾಕುತ್ತದೆ. ಗ್ರಾಫ್ ಹಾಳೆಯಲ್ಲಿ ಮೊದಲ ಸಂಖ್ಯೆ ಬಲಕ್ಕೆ, ಎರಡನೆಯದು ಮೇಲಕ್ಕೆ. ಲಿಸ್ಟ್‌ನಲ್ಲಿ ಮೊದಲನೆಯದು ಕೆಳಕ್ಕೆ, ಎರಡನೆಯದು ಬಲಕ್ಕೆ. ಎರಡೂ ತಿರುಗುಮುರುಗು! ಮಕ್ಕಳು ಅದಲುಬದಲು ಮಾಡಿದರೆ ಅದು ದಡ್ಡತನವಲ್ಲ, ಗಣಿತ ಚೆನ್ನಾಗಿ ಕಲಿತದ್ದರ ಗುರುತು. ಅಡ್ಡಸಾಲೇ ಮೊದಲು ಅನ್ನುವುದೂ ದೇವರು ಮಾಡಿದ ನಿಯಮವೇನಲ್ಲ. ಕಂಪ್ಯೂಟರಿನ ಮೆಮೊರಿ ಒಂದೇ ಉದ್ದ ಸಾಲು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆ ಅದರಲ್ಲಿ ಒಂದೊಂದೇ ಕಂಬಸಾಲನ್ನು, ಅಂದರೆ ಮೇಲಿಂದ ಕೆಳಕ್ಕೆ ಇರುವ ಸಾಲನ್ನು, ತುಂಬುತ್ತಾ ಹೋಗುತ್ತದೆ. 1972ರ ಹೊತ್ತಿಗೆ ಬಂದ ಸಿ ಭಾಷೆ ಒಂದೊಂದೇ ಅಡ್ಡಸಾಲನ್ನು ತುಂಬುತ್ತದೆ.

ಪಾಠಕ್ಕೆ ನಾನು ಹಿಡಿಯುವುದು ಅಳಗುಳಿಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಹುಣಸೆ ಬೀಜ. ಕೆಲವರ ಮನೆಯಲ್ಲಿ ಐದು ಹಾಕುತ್ತಾರೆ, ಆ ಜಗಳ ಬೇಡ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. ಹಾಗಾಗಿ ಇದು ಹಾಗೆಯೇ ಓಡುವ ಪ್ರೋಗ್ರಾಮು:

ಮಣೆ = [[4]*7]*2

ಏಳು ನಾಲ್ಕುಗಳ ಒಂದು ಸಾಲು, ಅಂಥವು ಎರಡು. ಅಚ್ಚುಕಟ್ಟಾಗಿದೆ, ಅಲ್ವಾ? ಮೇಲಿನ ಸಾಲು ಎದುರಾಳಿಯದು, ಕೆಳಗಿನದು ನಮ್ಮದು. ಈಗ ನಮ್ಮ ಸಾಲಿನ ನಡುವಿನ ಗುಳಿಯಿಂದ ಬೀಜ ಎತ್ತಬೇಕು:

ಮಣೆ[1][3] = 0

ಓಡಿಸುವ ಮೊದಲು ಏನು ಬರುತ್ತದೆ ಅಂತ ಎಲ್ಲರಿಂದಲೂ ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ಈ ಹೆಜ್ಜೆ ಬಿಟ್ಟರೆ ಪಾಠದ ಸ್ವಾರಸ್ಯವೇ ಹೋಯಿತು. ಪರದೆಯ ಮೇಲೆ ಬರುವುದು ಇದು:

[[4, 4, 4, 0, 4, 4, 4], [4, 4, 4, 0, 4, 4, 4]]

‘ಮಿಸ್, ನನ್ನ ಗುಳಿ ಎತ್ತಿದ್ರೆ ಅವಳದ್ದೂ ಖಾಲಿ ಆಗ್ತಿದೆ!’ ಅನ್ನುವ ಕೂಗು ಬಂದೇ ಬರುತ್ತದೆ. ಚೌಕದ ಚಿತ್ರ ಹಿಡಿದುಕೊಂಡು ಇದಕ್ಕೆ ಉತ್ತರ ಹೇಳಲು ಆಗುವುದೇ ಇಲ್ಲ. ಲಿಸ್ಟ್‌ನೊಳಗಿನ ಲಿಸ್ಟ್ ಅಂತ ನೋಡಿದರೆ ಉತ್ತರ ಕಣ್ಣೆದುರೇ ಇದೆ. ಕೊನೆಯ ‘*2’ ಎರಡನೇ ಸಾಲನ್ನು ಮಾಡುವುದಿಲ್ಲ. ಇದ್ದ ಒಂದೇ ಸಾಲನ್ನು ಎರಡು ಕಡೆ ತೋರಿಸುತ್ತದೆ. ಮಣೆ[0] ಅಂದರೂ ಅದೇ ಸಾಲು, ಮಣೆ[1] ಅಂದರೂ ಅದೇ.

ಚುರುಕಾದ ಮಗು ಇಲ್ಲಿ ಒಂದು ಪ್ರಶ್ನೆ ಕೇಳುತ್ತದೆ. ಹಾಗಾದರೆ [4]*7 ಮಾಡಿದಾಗಲೂ ಒಂದೇ ನಾಲ್ಕು ಏಳು ಕಡೆ ಇದೆಯಲ್ಲ, ಒಂದನ್ನು ಬದಲಾಯಿಸಿದರೆ ಏಳೂ ಯಾಕೆ ಬದಲಾಗಲಿಲ್ಲ? ಹೌದು, ಒಂದೇ ನಾಲ್ಕು. ಆದರೆ ನಾಲ್ಕು ಅನ್ನುವ ಸಂಖ್ಯೆಯ ಒಳಗೆ ಕೈಹಾಕಿ ತಿದ್ದಲು ಬರುವುದಿಲ್ಲ. ನಾವು ಮಾಡುವುದು ಒಂದು ಜಾಗದಿಂದ ನಾಲ್ಕನ್ನು ತೆಗೆದು ಸೊನ್ನೆ ಇಡುವುದು. ಲಿಸ್ಟ್ ಹಾಗಲ್ಲ, ಅದರ ಒಳಗೇ ತಿದ್ದಬಹುದು. ತಿದ್ದಿದರೆ ಅದನ್ನು ತೋರಿಸುವ ಎಲ್ಲ ಕಡೆಯೂ ಬದಲಾವಣೆ ಕಾಣುತ್ತದೆ. ಈ ಒಂದು ವ್ಯತ್ಯಾಸಕ್ಕೆ ಇಡೀ ಪೀರಿಯಡ್ ಹೋದರೂ ನಷ್ಟವಿಲ್ಲ. ಮಣೆಯನ್ನು ಸರಿಮಾಡುವುದಂತೂ ಸುಲಭ:

ಮಣೆ = [[4]*7, [4]*7]

ಈಗ ಸಾಲು ನಿಜವಾಗಿ ಎರಡು. ಸಾಲು ಜಾಸ್ತಿ ಇದ್ದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್ ಹಾಕಿ ಪ್ರತಿ ಸಲವೂ ಹೊಸ ಸಾಲು ಮಾಡಿಕೊಳ್ಳಬೇಕು. ಲೂಪಿನೊಳಗೆ ಲೂಪ್ ಹಾಕಿ ಬೀಜ ಎಣಿಸಿದರೆ 56 ಬರಬೇಕು.

ಬೀಜ ಹಂಚುವುದು ಇದಕ್ಕಿಂತ ಮಜಾ. ಕೆಳಸಾಲಿನಲ್ಲಿ ಎಡದಿಂದ ಬಲಕ್ಕೆ, ತುದಿ ಮುಟ್ಟಿದ ಮೇಲೆ ಮೇಲುಸಾಲಿನಲ್ಲಿ ಬಲದಿಂದ ಎಡಕ್ಕೆ. ಅಂದರೆ ಕೆಳಗೆ ಒಂದು ಕೂಡಿಸುತ್ತಾ, ಮೇಲೆ ಒಂದು ಕಳೆಯುತ್ತಾ ಹೋಗಬೇಕು. ಬಲತುದಿಯಲ್ಲಿ ತಿರುಗಲು ಮರೆತರೆ ಮಣೆ[1][7] ಅನ್ನುವ ಜಾಗವೇ ಇಲ್ಲ, ಪೈಥಾನ್ ತಕ್ಷಣ ಬೈಯುತ್ತದೆ. ಎಡತುದಿಯಲ್ಲಿ ಮರೆತರೆ ಬೈಯುವುದಿಲ್ಲ! ಸೊನ್ನೆಯಿಂದ ಒಂದು ಕಳೆದರೆ -1, ಪೈಥಾನ್‌ನಲ್ಲಿ -1 ಅಂದರೆ ಆ ಸಾಲಿನ ಕೊನೆಯ ಜಾಗ. ಕೆಳಸಾಲಿಗೆ ಇಳಿಯಬೇಕಾದ ಬೀಜ ಮೇಲುಸಾಲಿನ ಬಲತುದಿಗೆ ಹಾರಿ ಕೂರುತ್ತದೆ. ಒಟ್ಟು ಎಣಿಸಿದರೂ 56 ಸರಿಯಾಗೇ ಇರುತ್ತದೆ. ಬೈಯುವ ತಪ್ಪಿಗಿಂತ ಸುಮ್ನೆ ಇರುವ ತಪ್ಪೇ ಅಪಾಯ ಅನ್ನುವುದು ಮಕ್ಕಳಿಗೆ ಇಲ್ಲಿ ಗೊತ್ತಾಗುತ್ತದೆ.

ಈ ತುದಿಗಳ ಕಾಟ ಅನುಭವಿಸಿದ ಮೇಲೆ ನಾನು ಕೇಳುತ್ತೇನೆ: ಈ ಆಟಕ್ಕೆ ಎರಡು ಆಯಾಮ ಬೇಕೇ ಬೇಕಾ? 14 ಗುಳಿಗಳನ್ನು ಬೀಜ ಹಂಚುವ ಕ್ರಮದಲ್ಲಿ ಒಂದೇ ಲಿಸ್ಟ್‌ನಲ್ಲಿ ಇಟ್ಟರೆ ಸಾಕಲ್ಲ. ಮುಂದಿನ ಗುಳಿ ಬೇಕೆಂದರೆ ಒಂದು ಕೂಡಿಸಿ, 14ರಿಂದ ಭಾಗಿಸಿ ಶೇಷ ತೆಗೆದುಕೊಂಡರೆ ಆಯಿತು. ತುದಿ ಅನ್ನುವುದೇ ಇಲ್ಲ. ಎದುರಿನ ಗುಳಿ ಬೇಕಾದರೆ ನಮ್ಮ ಗುಳಿಯ ಸಂಖ್ಯೆಯನ್ನು 13ರಿಂದ ಕಳೆಯಬೇಕು. ಆಡಿಸಲು ಇದು ಸುಲಭ, ಪರದೆಯ ಮೇಲೆ ಮಣೆಯ ಹಾಗೆ ತೋರಿಸಲು ಎರಡು ಸಾಲೇ ಸುಲಭ. ಎರಡು ಆಯಾಮದ ಪಾಠದಲ್ಲಿ ‘ಇದು ಎಲ್ಲಿ ಬೇಡ’ ಅನ್ನುವುದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗೆ ಅದೂ ಪಾಠದ ಅರ್ಧ ಭಾಗವೇ.

ಅಳಗುಳಿಮಣೆ ಮುಗಿಸಿದವರಿಗೆ ಚೌಕಾಬಾರ ಕೊಡಬಹುದು. 5 ಸಾಲು, ಸಾಲಿಗೆ 5 ಮನೆ. ಹೊರಸುತ್ತಿನ 16 ಮನೆಗಳಲ್ಲಿ ಕಾಯಿ ಒಂದು ದಿಕ್ಕಿಗೆ ಹೋಗುತ್ತದೆ, ಒಳಸುತ್ತಿನ 8ರಲ್ಲಿ ಎದುರು ದಿಕ್ಕಿಗೆ, ಆಮೇಲೆ ನಡುಮನೆಯಲ್ಲಿ ಹಣ್ಣು. ಇಷ್ಟೆಲ್ಲ ತಿರುವುಗಳನ್ನು ‘ಹೀಗಿದ್ದರೆ ಹಾಗೆ ಮಾಡು’ ಅನ್ನುವ ಇಫ್ ಹಾಕುತ್ತಾ ಬರೆಯಹೊರಟವರು ಸುಸ್ತಾಗುತ್ತಾರೆ. ಅದರ ಬದಲು ಕಾಯಿ ಹೋಗುವ ದಾರಿಯನ್ನೇ ಒಂದು ಲಿಸ್ಟ್ ಮಾಡಬಹುದು: [[4, 2], [4, 3], [4, 4], [3, 4]] ಹೀಗೆ ಶುರುವಾಗಿ [2, 2]ರಲ್ಲಿ ಮುಗಿಯುವ 25 ಜೋಡಿಗಳು. ಕವಡೆಯಲ್ಲಿ ಮೂರು ಬಿದ್ದರೆ ಈ ಲಿಸ್ಟ್‌ನಲ್ಲಿ ಮೂರು ಹೆಜ್ಜೆ ಮುಂದೆ ಹೋದರೆ ಮುಗಿಯಿತು. ಇದೂ ಲಿಸ್ಟ್‌ನೊಳಗಿನ ಲಿಸ್ಟೇ. ಬೋರ್ಡ್ ಮೇಲೆ ಇದನ್ನು ಚೌಕಗಳಾಗಿ ಬರೆದರೆ 25 ಸಾಲು, 2 ಕಂಬದ ಒಂದು ಪಟ್ಟಿ ಸಿಗುತ್ತದೆ. ಚೌಕಾಬಾರದ ಮನೆ ಮಾತ್ರ ಅದರಲ್ಲಿ ಕಾಣುವುದಿಲ್ಲ.